ಗೀಸರ್ ಯಾವ ಕಂಪನಿದು ಒಳ್ಳೆಯದು? ನಾನು ಗುಜರಿ ಅಂಗಡಿವರೆಗೂ ಹೋಗಿ ನೋಡಿದ್ದು

ಎರಡು ವರ್ಷದ ಹಿಂದೆ, ಪುನರ್ವಸು ಮಳೆ ಬಿಡದೆ ಹಿಡಿದಿದ್ದ ವಾರ, ನಮ್ಮ ಗೀಸರ್ ಸೋರಲು ಶುರುವಾಯಿತು. ಮೊದಲು ಬಚ್ಚಲು ಮನೆ ಗೋಡೆಯ ಮೇಲೆ ಒಂದು ಕಂದು ಗೆರೆ ಕಂಡಿತು. ಒರೆಸಿದೆ. ಮಾರನೇ ದಿನ ಮತ್ತೆ ಅದೇ ಗೆರೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಗೀಸರ್ ಕೆಳಗೆ ಇಟ್ಟಿದ್ದ ಬಕೆಟ್ ಅರ್ಧ ತುಂಬಿತ್ತು, ನೀರಿನ ಬಣ್ಣ ಚಹಾ ತರ ಇತ್ತು.

ಚಿಕ್ಕಮಗಳೂರಿನ ಜುಲೈ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಬಟ್ಟೆ ಒಣಗಲ್ಲ, ಗೋಡೆ ಒಣಗಲ್ಲ, ಬಿಸಿನೀರಿಲ್ಲದೆ ಮೈಗೆ ನೀರು ಹಾಕಿಕೊಳ್ಳಲು ಆಗಲ್ಲ. ಮನೆಯಲ್ಲಿ ಅಮ್ಮ ಇದ್ದಾರೆ, 76 ವರ್ಷ, ಮಂಡಿ ನೋವು. ಬೆಳಿಗ್ಗೆ ಎದ್ದ ತಕ್ಷಣ ಕಾಲಿಗೆ ಬಿಸಿನೀರು ಬೀಳದಿದ್ದರೆ ಅವರಿಗೆ ನಡೆಯುವುದೇ ಕಷ್ಟ.

ಗೀಸರ್‌ಗೆ ಆಗ ಮೂರೂವರೆ ವರ್ಷ. ಟ್ಯಾಂಕಿಗೆ ಐದು ವರ್ಷ ವಾರಂಟಿ ಅಂತ ಕಾರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತು. ಹಾಗಾಗಿ ಧೈರ್ಯವಾಗಿ ಕಂಪನಿಗೆ ಫೋನ್ ಮಾಡಿದೆ. ದೂರು ದಾಖಲಾಗಿದೆ ಅಂತ ಮೆಸೇಜ್ ಬಂತು. ಮತ್ತೆ ಫೋನ್ ಮಾಡಿದರೆ ನಾಳೆ ಅಂದರು. ಆ ಕಂಪನಿಯ ಸರ್ವಿಸ್‌ನವರು ನಮ್ಮ ಊರಿನಲ್ಲಿ ಇರಲೇ ಇಲ್ಲ. ಬೇರೆ ಊರಿನಿಂದ, ನಾಲ್ಕೈದು ದೂರು ಒಟ್ಟಾದ ಮೇಲೆ ಬರುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಬಂದದ್ದು ಹನ್ನೊಂದನೇ ದಿನ. ಬಂದವನು ಪಾಪ ಒಳ್ಳೆಯ ಹುಡುಗ. ಕೆಳಗಿನ ಮುಚ್ಚಳ ಬಿಚ್ಚಿ, ಒಳಗಿನಿಂದ ತಂತಿಯಂತಹ ಒಂದು ತುಂಡು ಎಳೆದು ನನ್ನ ಕೈಗೆ ಕೊಟ್ಟ. "ಮೇಡಂ, ಆನೋಡ್ ಪೂರ್ತಿ ಹೋಗಿದೆ. ನೀವು ಬದಲಾಯಿಸಿಲ್ಲ. ಟ್ಯಾಂಕಿಗೆ ವಾರಂಟಿ ಬರಲ್ಲ" ಅಂದ. ಕಾರ್ಡ್ ತಿರುಗಿಸಿ ನೋಡಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಇತ್ತು. ಆನೋಡ್ ಅನ್ನುವ ಹೆಸರನ್ನೇ ನಾನು ಅವತ್ತು ಮೊದಲ ಸಲ ಕೇಳಿದ್ದು. ಮಾರುವಾಗ ಅಂಗಡಿಯವರು ಹೇಳಿರಲಿಲ್ಲ, ಕೂರಿಸಿದವರೂ ಹೇಳಿರಲಿಲ್ಲ.

ಆ ಹನ್ನೊಂದು ದಿನ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ ಬಚ್ಚಲಿಗೆ ಹೊತ್ತುಕೊಂಡು ಹೋಗಿದ್ದೇವೆ. ಅಮ್ಮ ಒಂದು ಮಾತು ಹೇಳಿದರು, "ತೋಟದ ಮನೆಯ ತಾಮ್ರದ ಹಂಡೆ ನಿಮ್ಮಜ್ಜಿ ಕಾಲದ್ದು ಕಣೇ, ಇವತ್ತಿಗೂ ಒಂದು ತೊಟ್ಟು ಸೋರಿಲ್ಲ." ಆಲ್ದೂರು ಕಡೆ ನಮ್ಮ ಹಳೇ ಮನೆಯಲ್ಲಿ ಈಗಲೂ ಆ ಹಂಡೆ ಇದೆ, ಕಾಫಿ ಗಿಡದ ಸೌದೆ ಹಾಕಿ ಉರಿಸುತ್ತಾರೆ. ಅಮ್ಮ ಹೇಳಿದ್ದು ನಿಜವೇ. ಆದರೆ ಪೇಟೆಯ ಮನೆಯಲ್ಲಿ ಸೌದೆ ಒಲೆಗೆ ಜಾಗ ಎಲ್ಲಿದೆ? ಹೊಸ ಗೀಸರ್ ತರಲೇಬೇಕಿತ್ತು. ಈ ಸಲ ಮೋಸ ಹೋಗಬಾರದು ಅಂತ ಗಟ್ಟಿ ಮಾಡಿಕೊಂಡೆ.

ಎಂ.ಜಿ. ರಸ್ತೆ, ಐ.ಜಿ. ರಸ್ತೆ ಎರಡೂ ಸುತ್ತಿದೆ. ಐದು ಅಂಗಡಿ. ಪ್ರತಿ ಅಂಗಡಿಯಲ್ಲೂ "ಇದು ನಂಬರ್ ಒನ್ ಮೇಡಂ" ಅಂತ ತೋರಿಸಿದ್ದು ಬೇರೆ ಬೇರೆ ಕಂಪನಿದು. ಒಬ್ಬರು ಇದು ಅಮೆರಿಕದ್ದು ಅಂದರು, ಇನ್ನೊಬ್ಬರು ಇದರ ಮಾಲೀಕರು ಇಟಲಿಯವರು ಅಂದರು, ಮತ್ತೊಬ್ಬರು ಇದು ಕೇರಳದ್ದು, ನಮ್ಮ ಮಳೆ ಅವರಿಗೆ ಗೊತ್ತು ಅಂದರು. ಮನೆಗೆ ಬಂದು ನೋಡಿದರೆ ಮೂವರೂ ಹೇಳಿದ ಊರು ಸರಿಯೇ. ಎ.ಒ. ಸ್ಮಿತ್ ಅಮೆರಿಕದ ಮಿಲ್ವಾಕಿಯದು, 1874ರಷ್ಟು ಹಳೆಯದು. ರಾಕೋಲ್ಡ್ ಇಟಲಿಯ ಅರಿಸ್ಟನ್ ಗುಂಪಿಗೆ ಸೇರಿದೆ. ವಿ-ಗಾರ್ಡ್ 1977ರಲ್ಲಿ ಕೊಚ್ಚಿಯಲ್ಲಿ ವೋಲ್ಟೇಜ್ ಸ್ಟೆಬಿಲೈಜರ್ ಮಾಡುತ್ತಾ ಶುರುವಾದದ್ದು. ಎಲ್ಲ ಸರಿ. ಆದರೆ ಇದರಲ್ಲಿ ಯಾವುದೂ ನನ್ನ ಪ್ರಶ್ನೆಗೆ ಉತ್ತರ ಅಲ್ಲ. ನಮ್ಮ ಬೀದಿಯ ನೀರಿನಲ್ಲಿ ಟ್ಯಾಂಕ್ ಎಷ್ಟು ವರ್ಷ ಬರುತ್ತದೆ, ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? ನನಗೆ ಬೇಕಿದ್ದದ್ದು ಅಷ್ಟೇ.

ಆನ್‌ಲೈನ್ ಸ್ಟಾರ್‌ಗಳನ್ನೂ ನೋಡಿದೆ. ಐದು ಸ್ಟಾರ್ ಕೊಟ್ಟವರಲ್ಲಿ ಮುಕ್ಕಾಲು ಪಾಲು ಜನ ಗೀಸರ್ ಮನೆಗೆ ಬಂದ ವಾರದಲ್ಲೇ ಬರೆದಿದ್ದರು. ಪ್ಯಾಕಿಂಗ್ ಚೆನ್ನಾಗಿತ್ತು, ಬಣ್ಣ ಚೆನ್ನಾಗಿದೆ, ನೀರು ಬೇಗ ಕಾಯುತ್ತದೆ. ಹೊಸ ಗೀಸರ್ ಯಾವುದಾದರೂ ಬೇಗ ಕಾಯುತ್ತದೆ ಅಲ್ವಾ? ಎರಡು ಮೂರು ವರ್ಷ ಬಳಸಿ ಬರೆದವರು ಬಹಳ ಕಡಿಮೆ. ಅಂಥವರನ್ನು ಹುಡುಕಿ ಹುಡುಕಿ ಓದಿದೆ. ಅವರೆಲ್ಲ ಬರೆದದ್ದು ಎರಡೇ ವಿಷಯ: ಸೋರಿಕೆ, ಸರ್ವಿಸ್.

ಈ ಹೊತ್ತಿನಲ್ಲೇ ತಮ್ಮನ ಫೋನ್ ಬಂತು. ಅವನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅಲ್ಲಿ ಬಾಯ್ಲರ್ ಅಂದರೆ ಬರೀ ಸ್ನಾನದ ನೀರಿಗಲ್ಲ, ಇಡೀ ಮನೆಯನ್ನೇ ಬೆಚ್ಚಗಿಡುವ ಗ್ಯಾಸ್ ಯಂತ್ರ. ಬಿಸಿನೀರು ಕೊಳವೆಯಲ್ಲಿ ಹರಿದು ಪ್ರತಿ ಕೋಣೆಯ ರೇಡಿಯೇಟರ್ ಸುತ್ತಿ ಬರುತ್ತದೆ. ಅದು ಚಳಿಗಾಲದಲ್ಲಿ ಕೆಟ್ಟರೆ ಮನೆಯಲ್ಲಿ ಇರುವುದೇ ಕಷ್ಟ. ಅವನೂ ಆ ಹಿಂದಿನ ಚಳಿಗಾಲದಲ್ಲಿ ಹೊಸದು ಹಾಕಿಸಿದ್ದ. ಅಕ್ಕಪಕ್ಕದವರು ವೂಸ್ಟರ್ ಬಾಷ್ ಅಂದರಂತೆ, ಕೆಲವರು ಜರ್ಮನಿಯ ವೈಲಂಟ್ ಅಂದರಂತೆ. ಅಲ್ಲಿ ಗ್ಯಾಸ್ ಕೆಲಸವನ್ನು ಗ್ಯಾಸ್ ಸೇಫ್ ಪಟ್ಟಿಯಲ್ಲಿ ಹೆಸರಿರುವವರೇ ಮಾಡಬೇಕು ಅಂತ ಕಾನೂನಿದೆ. ಅಂಥ ಮೂರು ಜನರನ್ನು ಕರೆಸಿದನಂತೆ. ಮೂವರೂ ಮೂರು ಕಂಪನಿ ಹೊಗಳಿದರಂತೆ.

"ಆಮೇಲೆ ಏನು ಮಾಡಿದೆ?" ಅಂದೆ.

"ಅಕ್ಕ, ಯಾವುದು ಒಳ್ಳೆಯದು ಅಂತ ಕೇಳೋದು ಬಿಟ್ಟುಬಿಟ್ಟೆ. ನಿಮ್ಮ ಮನೇಲಿ ಯಾವುದಿದೆ, ನಿಮ್ಮ ವ್ಯಾನಿನಲ್ಲಿ ಯಾವುದರ ಸ್ಪೇರ್ ಯಾವಾಗಲೂ ಇರುತ್ತೆ ಅಂತ ಕೇಳಿದೆ. ಆಗ ಇಬ್ಬರು ಒಂದೇ ಹೆಸರು ಹೇಳಿದರು."

ಅಲ್ಲಿ ಹತ್ತು ವರ್ಷದವರೆಗೂ ವಾರಂಟಿ ಕೊಡುತ್ತಾರಂತೆ, ಆದರೆ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ ಬರೆಸಿಟ್ಟುಕೊಳ್ಳದಿದ್ದರೆ ಆ ವಾರಂಟಿಗೆ ಬೆಲೆ ಇಲ್ಲ. ಅದನ್ನು ಕೇಳಿದಾಗ ನನ್ನ ಕಾರ್ಡಿನ ಹಿಂದಿನ ಸಣ್ಣ ಅಕ್ಷರ ನೆನಪಾಯಿತು. ಅಲ್ಲೂ ಅದೇ ಕಥೆ. ಅವರಿಗೆ ಯಾರೋ ಮೊದಲೇ ಹೇಳುತ್ತಾರೆ, ನಮಗೆ ಹೇಳುವುದಿಲ್ಲ.

ತಮ್ಮನ ಪ್ರಶ್ನೆಯನ್ನೇ ಇಲ್ಲಿ ಕೇಳೋಣ ಅಂತ ನಮ್ಮ ಬೀದಿಯವರೆಲ್ಲ ಕರೆಯುವ ರಿಪೇರಿ ಅಣ್ಣನನ್ನು ಹಿಡಿದೆ. ಅವರು ಯಾವ ಕಂಪನಿಗೂ ಸೇರಿದವರಲ್ಲ. ಇಪ್ಪತ್ತು ವರ್ಷದಿಂದ ಗೀಸರ್, ಮಿಕ್ಸಿ, ಮೋಟಾರ್ ರಿಪೇರಿ ಮಾಡುತ್ತಿದ್ದಾರೆ. ಯಾವ ಕಂಪನಿ ಒಳ್ಳೆಯದು ಅಂತ ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು, "ಅಕ್ಕ, ಕಂಪನಿ ಆಮೇಲೆ. ಮೊದಲು ನೀರು ಯಾವುದು ಹೇಳಿ."

ನಮ್ಮಲ್ಲಿ ಎರಡು ನೀರಿದೆ. ನಲ್ಲಿಯಲ್ಲಿ ಬರುವ ಯಗಚಿ ಹೊಳೆಯ ನೀರು, ಅದು ಬಾರದ ದಿನ ಬೋರ್ ನೀರು. ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತಿತ್ತು. ಅವರ ಜೇಬಿನಲ್ಲಿ ಪೆನ್ನಿನಂತಹ ಒಂದು ಟಿಡಿಎಸ್ ಮೀಟರ್ ಇತ್ತು, ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ತೋರಿಸುವುದು. ಲೋಟದಲ್ಲಿ ನಲ್ಲಿ ನೀರು ಹಿಡಿದು ಅದ್ದಿದರೆ 140 ತೋರಿಸಿತು. ಬೋರ್ ನೀರು 780. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ 500ರ ಒಳಗೆ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ ಅಂತ ಇದೆ. ಹಾಗಾಗಿ 780 ಅಂದರೆ ಗಾಬರಿ ಆಗಬೇಕಿಲ್ಲ. ಆದರೆ ಕುಡಿಯುವುದು ಬೇರೆ, ಕಾಯಿಸುವುದು ಬೇರೆ. ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣ ಬಿಟ್ಟುಕೊಂಡು ಕಾಯಿಲ್ ಮೇಲೆ ಕೂರುತ್ತದೆ. ಬಿಸಿ ಜಾಸ್ತಿ ಆದಷ್ಟೂ ಜಾಸ್ತಿ ಕೂರುತ್ತದೆ. ಆ ಸುಣ್ಣದ ಪದರ ದಪ್ಪವಾದರೆ ಕಾಯಿಲ್‌ನ ಬಿಸಿ ನೀರಿಗೆ ಇಳಿಯುವುದಿಲ್ಲ, ಕಾಯಿಲ್ ತಾನೇ ಕಾದು ಸುಟ್ಟುಹೋಗುತ್ತದೆ.

ನಮ್ಮ ಹಳೇ ಗೀಸರ್‌ನ ಕಾಯಿಲ್ ಬಿಚ್ಚಿ ನೆಲದ ಮೇಲೆ ಇಟ್ಟರು. ಬೆರಳು ದಪ್ಪದ ತಾಮ್ರದ ಸುರುಳಿ ಅಂತ ಹೇಳಿದರೂ ತಾಮ್ರ ಎಲ್ಲೂ ಕಾಣುತ್ತಿರಲಿಲ್ಲ. ಬಿಳಿ, ಬೂದು, ನಡುನಡುವೆ ತುಕ್ಕಿನ ಕೆಂಪು. ಸಮುದ್ರದಿಂದ ತೆಗೆದ ಹವಳದ ತರ ಇತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರು. ಹೆಂಚಿನ ಚೂರಿನ ಹಾಗೆ ಒಂದು ಚಕ್ಕೆ ಬಿತ್ತು, ನಾನು ಕೈಯಲ್ಲಿ ಹಿಡಿದು ನೋಡಿದೆ, ಐದು ರೂಪಾಯಿ ನಾಣ್ಯಕ್ಕಿಂತ ದಪ್ಪ. ಟ್ಯಾಂಕ್ ಬಗ್ಗಿಸಿದರೆ ಒಳಗಿನಿಂದ ಎರಡು ಬೊಗಸೆ ಸುಣ್ಣದ ಪುಡಿ ಸುರಿಯಿತು. ಮೂರೂವರೆ ವರ್ಷ ಅಮ್ಮ ಮಿಂದ ನೀರು ಇದರ ನಡುವಿನಿಂದ ಬಂದದ್ದು ಅಂತ ನೋಡುತ್ತಾ ನಿಂತೆ.

ಆನೋಡ್ ಏನು ಅಂತ ಅವರೇ ವಿವರಿಸಿದರು. ಗೀಸರ್ ಟ್ಯಾಂಕ್ ಹೆಚ್ಚಿನವು ಉಕ್ಕಿನವು, ಒಳಗೆ ಗಾಜಿನಂತಹ ಲೇಪ ಇರುತ್ತದೆ, ಅದಕ್ಕೇ ಗ್ಲಾಸ್ ಲೈನ್ಡ್ ಅನ್ನುತ್ತಾರೆ. ಆ ಲೇಪದಲ್ಲಿ ಎಲ್ಲೋ ಒಂದು ಸೂಜಿಮೊನೆಯಷ್ಟು ಜಾಗ ತಪ್ಪಿಯೇ ತಪ್ಪಿರುತ್ತದೆ. ನೀರು ಅಲ್ಲಿ ಉಕ್ಕನ್ನು ತಿನ್ನಬಾರದು ಅಂತ ಒಳಗೆ ಒಂದು ಮೆಗ್ನೀಸಿಯಂ ಸರಳು ಇಡುತ್ತಾರೆ. ನೀರು ಮೊದಲು ಅದನ್ನು ತಿನ್ನುತ್ತದೆ. ಅದು ಇರುವವರೆಗೂ ಟ್ಯಾಂಕ್ ಉಳಿಯುತ್ತದೆ, ಅದು ಮುಗಿದ ಮೇಲೆ ಟ್ಯಾಂಕಿನ ಸರದಿ. ಬೆಲೆ ಕೆಲವೇ ನೂರು ರೂಪಾಯಿ. ನಮ್ಮ ಹನ್ನೊಂದು ದಿನದ ಕಷ್ಟ, ಹತ್ತು ಸಾವಿರದ ಗೀಸರ್ ಹೋದದ್ದು, ಎಲ್ಲ ಆ ಕೆಲವು ನೂರು ರೂಪಾಯಿಯ ಸರಳಿನಿಂದ. ನನಗೆ ಇದರ ಬಗ್ಗೆ ಇನ್ನೂ ಸಿಟ್ಟಿದೆ. ಮಾರುವವರು ಬಿಲ್ ಮೇಲೆ ಒಂದು ಸಾಲು ಬರೆದುಕೊಟ್ಟರೆ ಸಾಕಿತ್ತು.

ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ತಗೊಂಡರೆ ಈ ತಲೆನೋವಿಲ್ಲ ಅಲ್ವಾ ಅಂತ ಕೇಳಿದೆ. ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೆ ಸ್ಟೀಲ್ ಕೂಡ ಬೆಸುಗೆ ಹತ್ತಿರ ಬಿಟ್ಟುಕೊಳ್ಳುತ್ತದೆ, ಬೋರ್ ನೀರಿಗೆ ಒಳ್ಳೆಯ ಲೇಪದ ಟ್ಯಾಂಕ್ ಮತ್ತು ದಪ್ಪ ಆನೋಡ್ ಇರುವುದೇ ಮೇಲು ಅಂದರು. ಮೂಡಿಗೆರೆ, ಸಕಲೇಶಪುರ ಕಡೆ ಝರಿ ನೀರು ಬಳಸುವ ಮನೆಗಳಲ್ಲಿ ಸುಣ್ಣವೇ ಕಟ್ಟುವುದಿಲ್ಲವಂತೆ. ಕಡೂರು, ಅರಸೀಕೆರೆ ಕಡೆ ಬೋರ್ ನೀರಿಗೆ ಅದೇ ಕಂಪನಿಯ ಅದೇ ಗೀಸರ್ ಬೇಗ ಹೋಗುತ್ತದಂತೆ. ಒಬ್ಬರು ಹೊಗಳುವುದು, ಇನ್ನೊಬ್ಬರು ಬೈಯುವುದು ಯಾಕೆ ಅಂತ ಆಗ ಅರ್ಥ ಆಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀರು ಬೇರೆ, ಅಷ್ಟೇ.

ಹಳೇ ಗೀಸರ್ ಗುಜರಿಗೆ ಹಾಕಲು ಹೋದಾಗ ಅಣ್ಣನೂ ಜೊತೆಗೆ ಬಂದರು. ಅಂಗಡಿ ಹಿಂದೆ ಶೀಟಿನ ಕೆಳಗೆ ಗೀಸರ್‌ಗಳ ಒಂದು ರಾಶಿಯೇ ಇತ್ತು. ಹದಿನೇಳು ಎಣಿಸಿದೆ. ಎಲ್ಲ ಕಳೆದ ಆರು ತಿಂಗಳಲ್ಲಿ ಬಂದವು ಅಂದರು ಅಂಗಡಿಯವರು. ಪ್ರತಿಯೊಂದರ ಮೈಮೇಲೆ ತಯಾರಾದ ತಿಂಗಳು, ವರ್ಷ ಇರುವ ಚೀಟಿ ಅಂಟಿಸಿರುತ್ತಾರೆ. ಹನ್ನೆರಡರಲ್ಲಿ ಅದು ಓದಲು ಬರುವಂತಿತ್ತು. ಮಳೆಯಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಕಂಪನಿ, ವರ್ಷ, ಎಲ್ಲಿ ತೂತಾಗಿದೆ.

ಒಂದು ಕಂಪನಿಯವು ಐದು ಇದ್ದವು. ಮೊದಲು ನೋಡಿದ ತಕ್ಷಣ ಅದು ಕೆಟ್ಟದ್ದು ಅಂತ ಅನ್ನಿಸಿತು. ಆದರೆ ನಮ್ಮೂರಿನಲ್ಲಿ ಜಾಸ್ತಿ ಮಾರಾಟವಾದದ್ದು ಅದೇ, ಹಾಗಾಗಿ ಗುಜರಿಗೂ ಅದೇ ಜಾಸ್ತಿ ಬರುತ್ತದೆ. ಎಣಿಕೆ ನೋಡಬಾರದು, ವಯಸ್ಸು ನೋಡಬೇಕು. ಆ ಐದರಲ್ಲಿ ನಾಲ್ಕು, ಎಂಟರಿಂದ ಹನ್ನೊಂದು ವರ್ಷ ಬಾಳಿದ್ದವು. ಇನ್ನೊಂದು ಹೆಸರಿನವು ಮೂರೇ ಇದ್ದವು, ಮೂರೂ ಐದು ವರ್ಷ ದಾಟಿರಲಿಲ್ಲ, ಮೂರೂ ಸೋರಿದ್ದು ಕೆಳಗಿನ ಕೊಳವೆ ಸೇರುವ ಬೆಸುಗೆಯ ಹತ್ತಿರವೇ. ಹನ್ನೆರಡು ಗೀಸರ್ ನೋಡಿ ಕಂಪನಿಯ ಹಣೆಬರಹ ಹೇಳಲು ಆಗಲ್ಲ, ನನಗೂ ಗೊತ್ತು. ಆದರೆ ಅಂಗಡಿಯವರ ನಂಬರ್ ಒನ್‌ಗಿಂತ ಅದಕ್ಕೆ ಜಾಸ್ತಿ ಬೆಲೆ ಕೊಟ್ಟೆ.

ಗುಜರಿಯವರು ತೂಕದ ಮೇಲೆ ದುಡ್ಡು ಕೊಡುವವರು ಅಲ್ವಾ, ಅವರು ಇನ್ನೊಂದು ಮಾತು ಹೇಳಿದರು. "ಹಳೇವು ಎತ್ತೋಕೆ ಇಬ್ಬರು ಬೇಕಿತ್ತು. ಈಗಿನ ಕೆಲವು ನಾನೊಬ್ಬನೇ ಎತ್ತಿ ಎಸೀತೀನಿ." ಆಮೇಲೆ ಅಂಗಡಿಗಳಲ್ಲಿ ಗೀಸರ್ ತೂಕ ಕೇಳಲು ಶುರು ಮಾಡಿದೆ. ಅದೇ ಅಳತೆ, ಅದೇ ತರಹದ ಟ್ಯಾಂಕ್ ಇರುವ ಎರಡು ಗೀಸರ್‌ಗಳಲ್ಲಿ ಒಂದು ಎರಡು ಮೂರು ಕೆ.ಜಿ. ಕಡಿಮೆ ತೂಗಿದರೆ ಎಲ್ಲೋ ತಗಡು ತೆಳು ಮಾಡಿದ್ದಾರೆ ಅಂತ ನಾನು ಅಂದುಕೊಳ್ಳುತ್ತೇನೆ. ಡಬ್ಬಿಯನ್ನೂ ಓದಿದೆ. ಬೇರೆ ಬೇರೆ ಹೆಸರಿನ ಎರಡು ಡಬ್ಬಿಗಳ ಮೇಲೆ ತಯಾರಕರ ವಿಳಾಸ ಒಂದೇ ಇತ್ತು. ಬೆಲೆಯಲ್ಲಿ ಮಾತ್ರ ಎರಡು ಸಾವಿರ ವ್ಯತ್ಯಾಸ.

ಎಂಟು ಬಾರ್ ಒತ್ತಡ ತಡೆಯುತ್ತದೆ ಅಂತ ಎಲ್ಲ ಅಂಗಡಿಯಲ್ಲೂ ಹೇಳಿದರು. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್. ನಮ್ಮ ಟ್ಯಾಂಕ್ ಬಚ್ಚಲಿಗಿಂತ ಆರು ಮೀಟರ್ ಮೇಲಿದೆ, ಒಂದು ಬಾರ್ ಕೂಡ ಇಲ್ಲ. ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟಿಗೆ, ಪ್ರೆಶರ್ ಪಂಪ್ ಇರುವ ಮನೆಗೆ ಅದು ಬೇಕು. ನನಗೆ ಅದಕ್ಕಾಗಿ ದುಡ್ಡು ಜಾಸ್ತಿ ಕೊಡಬೇಕಾಗಿರಲಿಲ್ಲ. ಗೀಸರ್ ಮೈಮೇಲೆ ಅಂಟಿಸುವ, ಕರೆಂಟ್ ಉಳಿತಾಯದ ಸ್ಟಾರ್ ಚೀಟಿಯೂ ಹಾಗೆಯೇ. ಅದು ಹೇಳುವುದು ಕಾದ ನೀರು ಒಂದು ದಿನ ಸುಮ್ನೆ ನಿಂತರೆ ಎಷ್ಟು ಯೂನಿಟ್ ಕಳೆಯುತ್ತದೆ ಅಂತ. ದಿನವಿಡೀ ಸ್ವಿಚ್ ಹಾಕಿಟ್ಟಿರುವ ಮನೆಗೆ ಅದು ದೊಡ್ಡ ವಿಷಯ. ಸ್ನಾನಕ್ಕೆ ಮೊದಲು ಹಾಕಿ ಆಮೇಲೆ ಆರಿಸುವ ನಮಗೆ ಉಳಿಯುವುದು ಕಡಿಮೆ.

ಕರೆಂಟ್ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ನಮ್ಮ ಮನೆ ಲೈನಿನ ಕೊನೆಯಲ್ಲಿದೆ. ಬೆಳಿಗ್ಗೆ ಆರೂವರೆಗೆ ಎಲ್ಲರ ಮನೆಯಲ್ಲೂ ಗೀಸರ್ ಹಾಕಿದಾಗ ವೋಲ್ಟೇಜ್ 185ಕ್ಕೆ ಇಳಿಯುತ್ತದೆ, ಅಣ್ಣನೇ ಮೀಟರ್ ಇಟ್ಟು ತೋರಿಸಿದರು. 230ರಲ್ಲಿ 2000 ವ್ಯಾಟ್ ಕೆಲಸ ಮಾಡುವ ಕಾಯಿಲ್ 185ರಲ್ಲಿ ಸುಮಾರು 1300 ಮಾತ್ರ ಮಾಡುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಬರಲು 35 ನಿಮಿಷ ಬೇಕಾದದ್ದು 54 ನಿಮಿಷ ಆಗುತ್ತದೆ. ಪಕ್ಕದ ಮನೆಯವರು ಎರಡು ವರ್ಷದಿಂದ ತಮ್ಮ ಗೀಸರ್ ಕಂಪನಿಗೆ ಬೈಯುತ್ತಿದ್ದರು, ನೀರೇ ಕಾಯಲ್ಲ ಅಂತ. ಅರ್ಧ ಗಂಟೆ ಮೊದಲು ಹಾಕಿ ನೋಡಿ ಅಂತ ಹೇಳಿದೆ. ಈಗ ಬೈಯುತ್ತಿಲ್ಲ.

ಸೋಲಾರ್ ಯಾಕೆ ಬೇಡ ಅಂತ ಕೇಳಿದವರಿದ್ದಾರೆ. ನಾದಿನಿ ಮನೆ ಅರಸೀಕೆರೆಯಲ್ಲಿ, ಅಲ್ಲಿ ಸೋಲಾರ್ ಚೆನ್ನಾಗಿ ನಡೆಯುತ್ತಿದೆ. ನಮಗೆ ಬಿಸಿನೀರು ಬೇಕೇ ಬೇಕಾದ ಜೂನ್, ಜುಲೈ, ಆಗಸ್ಟ್‌ನಲ್ಲಿ ಸೂರ್ಯನೇ ಕಾಣಲ್ಲ.

ಕೊನೆಗೆ ಮೂರು ಹೆಸರು ಉಳಿಯಿತು. ಮೂರೂ ಕಂಪನಿಯ ಸರ್ವಿಸ್ ನಂಬರಿಗೆ, ಗೀಸರ್ ತಗೊಳ್ಳುವ ಮೊದಲೇ ಫೋನ್ ಮಾಡಿದೆ. ಚಿಕ್ಕಮಗಳೂರಿನಲ್ಲಿ ನಿಮ್ಮ ಹುಡುಗ ಯಾರು, ಎಲ್ಲಿದ್ದಾರೆ, ಈ ಮಾಡೆಲ್‌ನ ಆನೋಡ್ ಎಷ್ಟು, ಸ್ಟಾಕ್ ಇದೆಯಾ ಅಂತ ಕೇಳಿದೆ. ಒಂದು ಕಡೆ ಆನೋಡ್ ಅಂದರೆ ಏನು ಅಂತ ನನ್ನನ್ನೇ ಕೇಳಿದರು. ಇನ್ನೊಂದು ಕಡೆ ಹಾಸನದಿಂದ ಬರಬೇಕು ಅಂದರು. ಮೂರನೆಯವರು ಇಲ್ಲಿಯವರ ನಂಬರ್ ಕೊಟ್ಟರು, ಅವರಿಗೆ ಫೋನ್ ಮಾಡಿದರೆ ಎತ್ತಿದರು, ಆನೋಡ್ ಬೆಲೆ ಹೇಳಿದರು. ನಮ್ಮ ರಿಪೇರಿ ಅಣ್ಣನ ಬ್ಯಾಗಿನಲ್ಲೂ ಅದರ ಥರ್ಮೋಸ್ಟಾಟ್ ಇತ್ತು. ಅದನ್ನೇ ತಗೊಂಡೆ. ಅಂಗಡಿಯಲ್ಲೇ ಐಎಸ್‌ಐ ಗುರುತಿನ ಜೊತೆ ಇರುವ ಲೈಸೆನ್ಸ್ ನಂಬರನ್ನು, ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಸರಿ ಇತ್ತು. ಹನ್ನೊಂದು ಸಾವಿರದ ಚಿಲ್ಲರೆ ಆಯಿತು.

ಹೆಸರು ಯಾಕೆ ಹೇಳುತ್ತಿಲ್ಲ ಅಂದರೆ, ನಿಮ್ಮೂರಿನಲ್ಲಿ ಆ ಕಂಪನಿಯವರು ಫೋನ್ ಎತ್ತದಿದ್ದರೆ ನನ್ನ ಆಯ್ಕೆ ನಿಮಗೆ ಕೆಟ್ಟ ಆಯ್ಕೆಯೇ. ನಾಲ್ಕು ಫೋನ್ ನೀವೇ ಮಾಡಿ, ಒಂದು ಗಂಟೆಯ ಕೆಲಸ.

ಕೂರಿಸುವಾಗ ಅಣ್ಣನೇ ನಿಂತು ನೋಡಿಕೊಂಡರು. ಅರ್ತಿಂಗ್ ಪರೀಕ್ಷೆ ಮಾಡಿದರು, ಕರೆಂಟ್ ಎಲ್ಲಾದರೂ ಸೋರಿದರೆ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿದರು, ಒತ್ತಡ ಬಿಡುವ ವಾಲ್ವ್ ತಪ್ಪದೆ ಹಾಕಿಸಿದರು. ಥರ್ಮೋಸ್ಟಾಟ್ 55ರ ಮೇಲೆ ಇಡಬೇಡಿ ಅಂದರು. ಎಲ್ಲಕ್ಕಿಂತ ಮುಖ್ಯ, ಮಾಳಿಗೆ ಮೇಲೆ 300 ಲೀಟರಿನ ಒಂದು ಸಣ್ಣ ಟ್ಯಾಂಕ್ ಇಟ್ಟು ಯಗಚಿ ನೀರನ್ನು ಅದಕ್ಕೆ ಬಿಟ್ಟು, ಗೀಸರ್‌ಗೆ ಅದರಿಂದಲೇ ಲೈನ್ ಎಳೆಸಿದೆ. ಟ್ಯಾಂಕ್, ಪೈಪ್, ಕೂಲಿ ಸೇರಿ ನಾಲ್ಕು ಸಾವಿರ. ಬೋರ್ ನೀರು ಈಗ ಗೀಸರ್‌ಗೆ ಹೋಗುವುದು ನಲ್ಲಿ ನೀರು ಪೂರ್ತಿ ನಿಂತಾಗ ಮಾತ್ರ.

ಕಳೆದ ದೀಪಾವಳಿಗೆ, ನೀರು ತುಂಬುವ ಹಬ್ಬದ ದಿನ, ಅಣ್ಣನನ್ನು ಕರೆಸಿದೆ. ತೋಟದ ಮನೆಯಲ್ಲಿ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಹೊಸ ನೀರು ತುಂಬುತ್ತಿದ್ದದ್ದು ಅದೇ ದಿನ. ಗೀಸರ್ ಸ್ವಿಚ್ ಆರಿಸಿ ನೀರು ಇಳಿಸಿದೆವು. ಬಂದ ನೀರು ತಿಳಿಯಾಗಿತ್ತು, ತಳದಲ್ಲಿ ಒಂದು ಚಮಚದಷ್ಟು ಪುಡಿ. ಕಾಯಿಲ್ ಮೇಲೆ ಬಿಳಿ ಪುಡಿಯ ತೆಳು ಪದರ, ಬೆರಳಿನಿಂದ ಒರೆಸಿದರೆ ತಾಮ್ರ ಕಂಡಿತು. ಆನೋಡ್ ಹೆಬ್ಬೆರಳು ದಪ್ಪ ಇದ್ದದ್ದು ಕಿರುಬೆರಳಿಗೆ ಬಂದಿತ್ತು, ಮೈಯೆಲ್ಲ ಗುಳಿ ಗುಳಿ.

"ಇನ್ನೂ ಆರು ತಿಂಗಳು ಬರುತ್ತೆ ಅಕ್ಕ" ಅಂದರು.

"ಬೇಡ, ಇವತ್ತೇ ಹೊಸದು ಹಾಕಿ" ಅಂದೆ. ಹಾಕಿ, ನೀರು ತುಂಬಿಸಿ, ಗೀಸರ್ ಮೈಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದೆ. ಅಮ್ಮ ಬಂದು ಅದರ ಪಕ್ಕದಲ್ಲೇ ಅರಿಶಿನ ಕುಂಕುಮ ಹಚ್ಚಿ ಹೋದರು.